ಕ್ಯಾಮೆರಾ ರೆಕಾರ್ಡ್ ಮಾಡುವ ಪಿಸಿಗೆ ವೈಫೈ ಸಾಕಾ, ವೈರ್ ಎಳೆಯಲೇಬೇಕಾ?

ಅಟ್ಟದ_ಪಿಸಿ · ಭಾನುವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಅಪ್ಪ ಅಮ್ಮ ಇರುವುದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಅಡಿಕೆ ಸುಗ್ಗಿ ಶುರುವಾಗುವ ಮುಂಚೆ ಅಲ್ಲಿಗೆ ಐದು ವೈಫೈ ಕ್ಯಾಮೆರಾ ಹಾಕಿದ್ದೆ. ಮನೆಯ ಸುತ್ತ ನಾಲ್ಕು. ಐದನೆಯದು ಅಂಗಳದ ಆಚೆ ತುದಿಯಲ್ಲಿರುವ ಅಡಿಕೆ ಬೇಯಿಸುವ ಒಲೆಮನೆಗೆ, ಮನೆಯಿಂದ ಸುಮಾರು 60 ಮೀಟರ್. ರೆಕಾರ್ಡ್ ಮಾಡುವುದು ನನ್ನ ಹಳೇ ಡೆಸ್ಕ್‌ಟಾಪ್. ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, ಉಬುಂಟು ಮೇಲೆ ಫ್ರಿಗೇಟ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಯುಎಸ್‌ಬಿಯಲ್ಲಿ ಒಂದು 4 ಟಿಬಿ ಡಿಸ್ಕ್. ಕಳ್ಳರ ಕೈಗೆ ಸಿಗಬಾರದು ಅಂತ ಪಿಸಿಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ. ರೂಟರ್ ಕೆಳಗೆ ಜಗಲಿಯಲ್ಲಿದೆ. ಪಿಸಿಗೆ ಯುಎಸ್‌ಬಿ ವೈಫೈ ಡಾಂಗಲ್ ಸಿಕ್ಕಿಸಿದ್ದೇನೆ.

ಹಗಲು ಎಲ್ಲ ಚೆನ್ನಾಗಿರುತ್ತದೆ. ಕತ್ತಲಾದ ಮೇಲೆ ರೆಕಾರ್ಡಿಂಗ್ ಮಧ್ಯೆ ಮಧ್ಯೆ ತೂತು ಬೀಳುತ್ತದೆ. ಕೆಲವು ಸಲ ಚಿತ್ರದ ಅರ್ಧ ಭಾಗ ಹಸಿರು ಬಳಿದ ಹಾಗೆ ಕಾಣುತ್ತದೆ. ಮೊನ್ನೆ ಅಂಗಳದಿಂದ ಒಂದು ಮೂಟೆ ಸಿಪ್ಪೆಗೋಟು (ಸಿಪ್ಪೆ ಸಮೇತ ಒಣಗಿಸಿದ ಅಡಿಕೆ) ಹೋಯಿತು. ಹುಡುಕಿ ನೋಡಿದರೆ ರಾತ್ರಿ 2:11ರಿಂದ 2:19ರವರೆಗೆ ರೆಕಾರ್ಡಿಂಗೇ ಇಲ್ಲ. 2:11ಕ್ಕೆ ಮೂಟೆ ಇದೆ. 2:19ಕ್ಕೆ ಅಂಗಳ ಮಾತ್ರ ಇದೆ. "ಇದಕ್ಕಿಂತ ನಮ್ಮ ನಾಯಿಯೇ ವಾಸಿ, ಕನಿಷ್ಠ ಬೊಗಳುತ್ತದೆ" ಅಂದರು ಅಪ್ಪ.

ಫೈಬರ್ ಇಂಟರ್ನೆಟ್ ಇದೆ, 100 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ಬರುತ್ತದೆ. 200ರ ಪ್ಲಾನ್ ಹಾಕಿಸಲಾ? ಮನೆ ತುಂಬ ಹಲವು ಡಬ್ಬಿ ಇಡುವ ಮೆಶ್ ವೈಫೈ ತರಲಾ? ಅಥವಾ ವೈರೇ ಎಳೆಯಬೇಕಾ? ಹಳೇ ಹೆಂಚಿನ ಮನೆ, ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಅಜ್ಜ ಹಾಕಿಸಿದ ಮರದ ಮುಂಡಿಗೆಗಳಿಗೆ ಒಂದು ಮೊಳೆ ಹೊಡೆಯಲೂ ಅಪ್ಪ ಬಿಡುವುದಿಲ್ಲ. ಹಾಗಾಗಿ ವೈರ್ ಅಂದರೆ ಮನೆಯಲ್ಲಿ ಸಣ್ಣ ಯುದ್ಧವೇ.

ನಿದ್ದೆಗೆಟ್ಟ_ಅಡ್ಮಿನ್ · ರಾತ್ರಿ 11:20

ಪ್ಲಾನ್ ಬದಲಾಯಿಸಬೇಡಿ, ದುಡ್ಡು ದಂಡ. ಕ್ಯಾಮೆರಾದಿಂದ ಪಿಸಿಗೆ ಹೋಗುವ ವಿಡಿಯೋ ನಿಮ್ಮ ಮನೆ ಬಿಟ್ಟು ಹೊರಗೇ ಹೋಗುವುದಿಲ್ಲ. ಇಂಟರ್ನೆಟ್ ಪೂರ್ತಿ ಸತ್ತರೂ ರೆಕಾರ್ಡಿಂಗ್ ನಡೆಯಬೇಕು. ಸ್ಪೀಡ್ ಟೆಸ್ಟ್ ಅಳೆಯುವುದು ಬೇರೆ ದಾರಿ, ನಿಮ್ಮ ತೊಂದರೆ ಇರುವುದು ಬೇರೆ ದಾರಿಯಲ್ಲಿ.

ಈಗ ಲೆಕ್ಕ ಹಾಕಿ. ಕ್ಯಾಮೆರಾಗೆ 4 ಎಂಬಿಪಿಎಸ್ ಅಂದುಕೊಂಡರೆ ಐದಕ್ಕೆ 20. ಕೇಳಲು ಕಡಿಮೆಯೇ. ಆದರೆ ಕ್ಯಾಮೆರಾ ವೈಫೈಯಲ್ಲಿದೆ, ಪಿಸಿಯೂ ವೈಫೈಯಲ್ಲಿದೆ. ಕ್ಯಾಮೆರಾದಿಂದ ರೂಟರ್‌ಗೆ ಒಂದು ಸಲ, ರೂಟರ್‌ನಿಂದ ಪಿಸಿಗೆ ಇನ್ನೊಂದು ಸಲ, ಒಂದೇ ಚಿತ್ರ ಎರಡು ಬಾರಿ ಗಾಳಿಯಲ್ಲಿ ಹಾರಬೇಕು. 20 ಆಯಿತು 40. ಸಣ್ಣ 2.4 ಗಿಗಾಹರ್ಟ್ಸ್ ಡಾಂಗಲ್‌ಗೆ 20 ಮೆಗಾಹರ್ಟ್ಸ್ ಚಾನಲ್‌ನಲ್ಲಿ ಹೆಚ್ಚೆಂದರೆ 72 ಎಂಬಿಪಿಎಸ್ ಸಂಪರ್ಕ. ಅದು ಡಬ್ಬಿಯ ಮೇಲಿನ ಲೆಕ್ಕ. ಎದುರೆದುರು ಇಟ್ಟರೂ ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮಧ್ಯೆ ಒಂದೂವರೆ ಅಡಿ ಮಣ್ಣಿನ ಗೋಡೆ ಬಂದರೆ ಅದೂ ಇಲ್ಲ.

ರಾತ್ರಿಯೇ ಯಾಕೆ ಅಂತೀರಾ? ಕತ್ತಲಲ್ಲಿ ಚಿತ್ರದ ತುಂಬ ಸಣ್ಣ ಸಣ್ಣ ಚುಕ್ಕಿ ಕುಣಿಯುತ್ತವೆ. ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲಿರುವ ಐಆರ್ ದೀಪಕ್ಕೆ ಹುಳ ಮುತ್ತುತ್ತವೆ. ಕುಣಿಯುವುದನ್ನೆಲ್ಲ ಕ್ಯಾಮೆರಾ ಚಲನೆ ಅಂದುಕೊಂಡು ಜಾಸ್ತಿ ಡೇಟಾ ಕಳಿಸುತ್ತದೆ. ಬಿಟ್‌ರೇಟ್‌ಗೆ, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾಗೆ, ಮಿತಿ ಹಾಕಿಲ್ಲದಿದ್ದರೆ 4 ಇದ್ದದ್ದು 6, 7ಕ್ಕೂ ಏರುತ್ತದೆ. ನಿಮ್ಮ ಮಲೆನಾಡಿನಲ್ಲಿ ಹುಳಕ್ಕೇನು ಬರವೇ?

ಒಂದು ಕೆಲಸ ಮಾಡಿ. ಆ 2:11ಕ್ಕೆ ಉಳಿದ ನಾಲ್ಕು ಕ್ಯಾಮೆರಾ ಏನಾಗಿದ್ದವು, ನೋಡಿ ಹೇಳಿ.

ಎಡಿಸನ್_ಕನ್ನಡಿಗ · ರಾತ್ರಿ 11:58

ನನ್ನದು ಬೇರೆ ಅನುಭವ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನಾಲ್ಕು ಕ್ಯಾಮೆರಾ, ನಾಲ್ಕೂ ವೈಫೈ. ಮೂರು ವರ್ಷದಿಂದ ಒಂದು ದಿನವೂ ತೊಂದರೆ ಇಲ್ಲ. ವೈಫೈ 6 ರೂಟರ್ ಒಳ್ಳೆಯದು ತಗೊಳ್ಳಿ, ವೈರ್ ಕಾಲ ಮುಗಿಯಿತು.

ನಿದ್ದೆಗೆಟ್ಟ_ಅಡ್ಮಿನ್ · ರಾತ್ರಿ 12:03

ಸರ್, ನಿಮ್ಮ ಗೋಡೆ ಯಾವುದರದ್ದು? ರೆಕಾರ್ಡ್ ಮಾಡುವ ಪಿಸಿ ಎಲ್ಲಿದೆ?

ಎಡಿಸನ್_ಕನ್ನಡಿಗ · ರಾತ್ರಿ 12:15

ಮರದ ಚೌಕಟ್ಟು, ಎರಡೂ ಕಡೆ ಜಿಪ್ಸಮ್ ಹಲಗೆ. ಪಿಸಿ ಬೇಸ್‌ಮೆಂಟ್‌ನಲ್ಲಿ ರೂಟರ್ ಪಕ್ಕದಲ್ಲೇ ಇದೆ. ಒಂದು ಅಡಿ ವೈರ್‌ನಲ್ಲಿ ಸೇರಿಸಿದ್ದೇನೆ.

ಹೌದು, ಬರೆದ ಮೇಲೆ ನನಗೇ ನಗು ಬಂತು.

ದಾವಣಗೆರೆ_ವೈರ್ · ಸೋಮವಾರ, ಬೆಳಗ್ಗೆ 6:50

ಹದಿನಾಲ್ಕು ವರ್ಷದಿಂದ ಕ್ಯಾಮೆರಾ ಹಾಕುವ ಕೆಲಸವನ್ನೇ ಮಾಡುತ್ತಿದ್ದೇನೆ. ಎಡಿಸನ್ ಅವರು ಹೇಳಿದ್ದರಲ್ಲೇ ಉತ್ತರ ಇದೆ. ಕ್ಯಾಮೆರಾ ಬೇಕಾದರೆ ವೈಫೈ ಇರಲಿ, ಪಿಸಿಗೆ ಮಾತ್ರ ವೈರ್ ಕೊಡಿ. ಒಂದು ಕ್ಯಾಮೆರಾದ ವೈಫೈ ಹೋದರೆ ಒಂದು ಕಣ್ಣು ಹೋಯಿತು. ಪಿಸಿಯ ವೈಫೈ ಹೋದರೆ ಐದೂ ಕಣ್ಣು ಒಟ್ಟಿಗೆ ಹೋದವು.

ನಾನು ಯಾವ ಮನೆಗೆ ಹೋದರೂ ಮೊದಲು ನೋಡುವುದು ಇದನ್ನೇ. ಎಲ್ಲ ಕ್ಯಾಮೆರಾ ಒಂದೇ ಹೊತ್ತಿಗೆ ನಿಂತಿದ್ದರೆ ತಪ್ಪು ಪಿಸಿ ಅಥವಾ ರೂಟರ್ ಕಡೆ. ಒಂದೇ ನಿಂತಿದ್ದರೆ ಆ ಕ್ಯಾಮೆರಾ ಕಡೆ. ಅರ್ಧ ಗಂಟೆ ಕೆಲಸ ಉಳಿಯುತ್ತದೆ.

ಅಟ್ಟದ_ಪಿಸಿ · ಸೋಮವಾರ, ರಾತ್ರಿ 9:30

ಈಗ ಲಾಗ್ ನೋಡಿದೆ. ಐದೂ ಒಟ್ಟಿಗೆ ನಿಂತಿವೆ. 2:11ಕ್ಕೆ ಡಾಂಗಲ್ ಸಂಪರ್ಕ ಕಳೆದುಕೊಂಡಿದೆ, ಮತ್ತೆ ಸೇರಿದ್ದು 2:18 ದಾಟಿದ ಮೇಲೆ. ಅಂದರೆ ಕ್ಯಾಮೆರಾ ಎಲ್ಲವನ್ನೂ ನೋಡುತ್ತಲೇ ಇತ್ತು, ಬರೆದುಕೊಳ್ಳಬೇಕಾದವನೇ ನಿದ್ದೆ ಹೊಡೆಯುತ್ತಿದ್ದ. ಹೊಟ್ಟೆ ಉರಿಯಿತು.

ಹಸಿರು ಬಣ್ಣದ ಕಥೆಯೂ ಗೊತ್ತಾಯಿತು. ಯಾವುದೋ ವಿಡಿಯೋ ನೋಡಿ ಆರ್‌ಟಿಎಸ್‌ಪಿಯನ್ನು (ಕ್ಯಾಮೆರಾದಿಂದ ಪಿಸಿಗೆ ವಿಡಿಯೋ ತರುವ ವಿಧಾನ) ಯುಡಿಪಿಗೆ ಬದಲಾಯಿಸಿದ್ದೆ. ದಾರಿಯಲ್ಲಿ ಚೂರು ಬಿದ್ದುಹೋದರೆ ಯುಡಿಪಿ ಮತ್ತೆ ಕೇಳುವುದಿಲ್ಲ, ಇರುವಷ್ಟರಲ್ಲೇ ಚಿತ್ರ ಬಿಡಿಸುತ್ತದೆ. ಬಿದ್ದ ಚೂರನ್ನು ಮತ್ತೆ ತರಿಸಿಕೊಳ್ಳುವ ಟಿಸಿಪಿಗೆ ವಾಪಸ್ ಹಾಕಿದೆ. ಹಸಿರು ಹೋಯಿತು, ತೂತು ಉಳಿಯಿತು.

ಮೈಸೂರು_ಮೇಷ್ಟ್ರು · ಸೋಮವಾರ, ರಾತ್ರಿ 10:05

ಡಾಂಗಲ್ ಎಲ್ಲಿ ಸಿಕ್ಕಿಸಿದ್ದೀರಿ? ಆ ಯುಎಸ್‌ಬಿ ಡಿಸ್ಕಿನ ಪಕ್ಕದಲ್ಲೇ ಇದೆಯೇ? ಹಾಗಿದ್ದರೆ ಒಂದು ಸ್ವಾರಸ್ಯ ಕೇಳಿ. ಯುಎಸ್‌ಬಿ 3 ಕೆಲಸ ಮಾಡುವಾಗ ಅದರ ವೈರ್ ಮತ್ತು ಕನೆಕ್ಟರ್‌ನಿಂದ ಹೊರಡುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. 2012ರಲ್ಲೇ ಇಂಟೆಲ್ ಕಂಪನಿ ಇದನ್ನು ಅಳೆದು ಒಂದು ಪ್ರಬಂಧ ಹೊರಡಿಸಿತ್ತು. ನಿಮ್ಮ ಪಿಸಿ ಏನು ಮಾಡುತ್ತಿದೆ ನೋಡಿ. ಒಂದು ಕಿವಿಯಲ್ಲಿ ಕ್ಯಾಮೆರಾ ಮಾತು ಕೇಳಿಸಿಕೊಂಡು, ಅದನ್ನು ಡಿಸ್ಕಿಗೆ ಬರೆಯುವಾಗ ಅದೇ ಕಿವಿಯ ಪಕ್ಕ ತಮಟೆ ಬಾರಿಸುತ್ತಿದೆ. ಜಾಸ್ತಿ ಡೇಟಾ ಬಂದಷ್ಟೂ ಜಾಸ್ತಿ ತಮಟೆ.

ತಾತ್ಕಾಲಿಕವಾಗಿ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಡಾಂಗಲ್ ದೂರ ಇಡಿ. ವ್ಯತ್ಯಾಸ ಕಾಣುತ್ತದೆ.

ಇನ್ನೊಂದು. ವೈಫೈ ಅನ್ನುವುದು ಒಂದೇ ಮೈಕ್ ಇರುವ ಸಭೆ ಇದ್ದ ಹಾಗೆ, ಒಂದು ಚಾನಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ನಿಮ್ಮ ಒಲೆಮನೆಯ ಕ್ಯಾಮೆರಾ ದೂರ ಇರುವುದರಿಂದ ನಿಧಾನವಾಗಿ, ತೊದಲುತ್ತಾ ಮಾತಾಡುತ್ತದೆ. ಅದು ಮುಗಿಸುವವರೆಗೆ ಹತ್ತಿರದ ಕ್ಯಾಮೆರಾಗಳೂ ಕಾಯಬೇಕು. ದೂರದ ಒಂದು ಕ್ಯಾಮೆರಾ ಇಡೀ ಮನೆಯ ವೈಫೈಯನ್ನು ಎಳೆದು ಹಾಕುವುದು ಹೀಗೆ. ವೈರ್‌ನಲ್ಲಿ ಈ ಜಗಳವೇ ಇಲ್ಲ. ಪ್ರತಿಯೊಬ್ಬರಿಗೂ ಬೇರೆ ದಾರಿ, ಹೋಗಲು ಒಂದು, ಬರಲು ಒಂದು.

ಬಾಡಿಗೆ_ಮನೆ · ಸೋಮವಾರ, ರಾತ್ರಿ 10:40

ಎಲ್ಲ ಸರಿ, ನಮ್ಮಂಥವರ ಗತಿ? ಮಾಲೀಕರು ಕ್ಯಾಲೆಂಡರ್ ಮೊಳೆಗೂ ಫೋನ್ ಮಾಡಿ ಕೇಳಿ ಅನ್ನುತ್ತಾರೆ. ಕರೆಂಟ್ ವೈರಿನಲ್ಲೇ ನೆಟ್‌ವರ್ಕ್ ಕಳಿಸುವ ಅಡಾಪ್ಟರ್ ಬರುತ್ತದಲ್ಲ, ಅದು ಹೇಗೆ?

ದಾವಣಗೆರೆ_ವೈರ್ · ಮಂಗಳವಾರ, ಬೆಳಗ್ಗೆ 6:35

ಪವರ್‌ಲೈನ್ ಅಡಾಪ್ಟರ್. ನಾಲ್ಕು ಮನೆಯಲ್ಲಿ ಹಾಕಿ ನೋಡಿದ್ದೇನೆ, ಒಂದರಲ್ಲಿ ಮಾತ್ರ ಖುಷಿ ಆಯಿತು. ಎರಡು ಪ್ಲಗ್ ಬೇರೆ ಬೇರೆ ಫೇಸ್‌ನಲ್ಲಿದ್ದರೆ ಕಷ್ಟ. ನಮ್ಮ ಕಡೆ ಇನ್ವರ್ಟರ್ ಲೈನ್ ಬೇರೆ, ನೇರ ಲೈನ್ ಬೇರೆ. ಕರೆಂಟ್ ಹೋದ ತಕ್ಷಣ ಒಂದು ಕಡೆಯ ಅಡಾಪ್ಟರ್ ಸತ್ತೇ ಹೋಗುತ್ತದೆ. ಸ್ಪೈಕ್ ಬಸ್ಟರ್‌ಗೆ ಸಿಕ್ಕಿಸಿದರೆ ಅದು ಸಿಗ್ನಲ್ಲನ್ನೇ ನುಂಗುತ್ತದೆ.

ನಿಮಗೆ ನನ್ನ ಸಲಹೆ ಸುಲಭದ್ದು. ಪಿಸಿಯನ್ನೇ ರೂಟರ್ ಪಕ್ಕ ತಂದಿಡಿ. ಒಂದು ಮೀಟರ್ ವೈರ್, ಗೋಡೆಗೆ ಕೈ ಹಾಕುವ ಅಗತ್ಯವೇ ಇಲ್ಲ. ರೆಕಾರ್ಡ್ ಮಾಡುವ ಪಿಸಿಗೆ ಮಾನಿಟರ್ ಬೇಡ, ಕೀಬೋರ್ಡ್ ಬೇಡ, ಎಲ್ಲಿದ್ದರೂ ನಡೆಯುತ್ತದೆ. ಜನ ಪಿಸಿ ಇದ್ದ ಜಾಗಕ್ಕೆ ನೆಟ್‌ವರ್ಕ್ ತರಲು ಒದ್ದಾಡುತ್ತಾರೆ, ಪಿಸಿ ಎತ್ತಿಡುವುದು ಯಾರಿಗೂ ಹೊಳೆಯುವುದಿಲ್ಲ.

ಬಾಡಿಗೆ_ಮನೆ · ಮಂಗಳವಾರ, ಬೆಳಗ್ಗೆ 7:10

ಛೆ. ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಶೂ ಸ್ಟ್ಯಾಂಡ್ ಮೇಲೆ ಜಾಗ ಇದೆ, ಸಂಜೆಯೇ ಇಡುತ್ತೇನೆ. ಥ್ಯಾಂಕ್ಸ್.

ಅಟ್ಟದ_ಪಿಸಿ · ಮಂಗಳವಾರ, ರಾತ್ರಿ 8:15

ನನಗೆ ಆ ದಾರಿ ಇಲ್ಲ. ಜಗಲಿ ಅಂದರೆ ಊರವರೆಲ್ಲ ಬಂದು ಕೂರುವ ಜಾಗ. ಕಳ್ಳ ಮೊದಲು ಎತ್ತುವುದೇ ಅದನ್ನು. ವಾರದ ಕೊನೆಗೆ ಊರಿಗೆ ಹೋಗುತ್ತೇನೆ. ವೈರ್ ತಗೊಂಡು ಹೋಗಬೇಕು. ಯಾವುದು?

ದಾವಣಗೆರೆ_ವೈರ್ · ಮಂಗಳವಾರ, ರಾತ್ರಿ 9:40

ಇಲ್ಲೇ ಜನ ಮೋಸ ಹೋಗುವುದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಕ್ಯಾಟ್ 5ಇ ಸಾಕು, ಕ್ಯಾಟ್ 6 ಸಿಕ್ಕರೆ ಇನ್ನೂ ಒಳ್ಳೆಯದು. ಎರಡರಲ್ಲೂ 100 ಮೀಟರ್‌ವರೆಗೆ ಗಿಗಾಬಿಟ್ ಹೋಗುತ್ತದೆ. ನೋಡಬೇಕಾದ್ದು ಒಳಗಿನ ತಂತಿಯನ್ನು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 305 ಮೀಟರ್ ಡಬ್ಬಿಗಳಲ್ಲಿ ಬಹಳಷ್ಟು ಸಿಸಿಎ. ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಡಬ್ಬಿ ಎತ್ತಿದಾಗಲೇ ಅನುಮಾನ ಬರಬೇಕು, ತಾಮ್ರದ್ದು ಭಾರ ಇರುತ್ತದೆ. ಸಿಸಿಎ ತಂತಿ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಅದರಲ್ಲಿ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ, ತುದಿ ತಲುಪುವಷ್ಟರಲ್ಲಿ ವೋಲ್ಟೇಜ್ ಸೊರಗುತ್ತದೆ. ನಾನೂ ಒಮ್ಮೆ ದುಡ್ಡು ಉಳಿಸಲು ಹೋಗಿ ಒಂದು ಕಲ್ಯಾಣ ಮಂಟಪಕ್ಕೆ ಅದನ್ನೇ ಎಳೆದು, ಎರಡು ಮಳೆಗಾಲ ಕಳೆದ ಮೇಲೆ ನನ್ನ ಕೈಯಿಂದ ಖರ್ಚು ಮಾಡಿ ಪೂರ್ತಿ ಬದಲಾಯಿಸಿಕೊಟ್ಟಿದ್ದೇನೆ.

ಹೊರಗೆ ಹೋಗುವ ಕಡೆಗೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ ಬೇಕು. ಅಟ್ಟದಲ್ಲಿ ಇಲಿ ಇದ್ದೇ ಇರುತ್ತವೆ, ಹಾಗಾಗಿ ಅಲ್ಲಿ ಪಿವಿಸಿ ಪೈಪಿನೊಳಗೆ ಹಾಕಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಸೇರಿಸಬೇಡಿ. ಎದುರಾದ ಕಡೆ ಅಡ್ಡ ದಾಟಿಸಿ, ಜೊತೆಗೆ ಓಡಿಸಬೇಡಿ. ಗೋಡೆಯೊಳಗೆ ಕೇಬಲ್ ನುಗ್ಗುವ ಮುಂಚೆ ಕೆಳಕ್ಕೆ ಒಂದು ಜೋತು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಕೊಡದಿದ್ದರೆ ಕೇಬಲ್ ಹಿಡಿದುಕೊಂಡೇ ನೀರು ಒಳಗೆ ಬರುತ್ತದೆ.

ಮುಂಡಿಗೆಗೆ ಮೊಳೆ ಬೇಡ. ಸೂರಿನ ತೊಲೆಯ ಮೇಲ್ಭಾಗದಲ್ಲಿ ಹಾಯಿಸಿ, ಯಾರಿಗೂ ಕಾಣುವುದಿಲ್ಲ.

ನಿಮ್ಮ ಕ್ಯಾಮೆರಾಗಳ ಬಾಲದಲ್ಲಿ ಲ್ಯಾನ್ ಕಿಂಡಿ ಇದೆಯಾ, ನೋಡಿ. ಇದ್ದರೆ ಮನೆಯ ನಾಲ್ಕಕ್ಕೂ ವೈರ್ ಕೊಡಬಹುದು. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವ ಒಂದು ಪಿಒಇ ಸ್ವಿಚ್ ತಗೊಳ್ಳಿ. ಎಂಟು ಪೋರ್ಟಿನದೇ ತಗೊಳ್ಳಿ.

ಅಟ್ಟದ_ಪಿಸಿ · ಮಂಗಳವಾರ, ರಾತ್ರಿ 10:02

ಲ್ಯಾನ್ ಕಿಂಡಿ ಇದೆ, ಆದರೆ ಪಿಒಇ ಅಲ್ಲ. 12 ವೋಲ್ಟ್ ಅಡಾಪ್ಟರ್ ಬೇರೆ ಬೇಕು. ನಾಲ್ಕು ಕ್ಯಾಮೆರಾಗೆ ಎಂಟು ಪೋರ್ಟ್ ಯಾಕೆ?

ದಾವಣಗೆರೆ_ವೈರ್ · ಮಂಗಳವಾರ, ರಾತ್ರಿ 10:20

ಪಿಒಇ ಸ್ಪ್ಲಿಟರ್ ಅಂತ ಸಿಗುತ್ತದೆ. ಕೇಬಲ್‌ನಲ್ಲಿ ಬರುವ 48 ವೋಲ್ಟನ್ನು 12ಕ್ಕೆ ಇಳಿಸಿ ಕೊಡುತ್ತದೆ. ನೀರು ಬೀಳದ ಡಬ್ಬಿಯೊಳಗೆ ಇಡಿ. 802.3ಎಎಫ್ ಅಂತ ಬರೆದಿರುವ ಸ್ವಿಚ್ಚೇ ಬೇಕು, ಪೋರ್ಟಿಗೆ 15.4 ವ್ಯಾಟ್ ಕೊಡುತ್ತದೆ, ಕ್ಯಾಮೆರಾಗೆ ಧಾರಾಳ. ಏನೂ ಕೇಳದೆ ಸುಮ್ನೆ ವೋಲ್ಟೇಜ್ ತುಂಬುವ ಪ್ಯಾಸಿವ್ ಪಿಒಇ ಬೇರೆ, ಅದು ಬೇಡ. ತಪ್ಪು ಸಾಮಾನಿಗೆ ಸಿಕ್ಕಿಸಿದರೆ ಸುಟ್ಟು ಹಾಕುತ್ತದೆ.

ಇದರ ದೊಡ್ಡ ಲಾಭ ವೇಗದ್ದಲ್ಲ, ಕರೆಂಟಿನದ್ದು. ಈಗ ನಿಮ್ಮ ಐದು ಕ್ಯಾಮೆರಾಗೆ ಐದು ಅಡಾಪ್ಟರ್, ಐದು ಪ್ಲಗ್. ಕರೆಂಟ್ ಹೋದರೆ ಎಷ್ಟು ಉಳಿಯುತ್ತವೆ? ಪಿಒಇ ಆದರೆ ಸ್ವಿಚ್ಚಿಗೊಂದು ಯುಪಿಎಸ್ ಕೊಟ್ಟರೆ ಎಲ್ಲವೂ ಉಳಿಯುತ್ತವೆ. ಕಳ್ಳನಿಗೆ ಫ್ಯೂಸ್ ಎಲ್ಲಿದೆ ಅಂತ ಗೊತ್ತಿರುತ್ತದೆ.

ಎಂಟು ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ.

ನಿದ್ದೆಗೆಟ್ಟ_ಅಡ್ಮಿನ್ · ಮಂಗಳವಾರ, ರಾತ್ರಿ 11:45

ಕರೆಂಟ್ ವಿಷಯಕ್ಕೆ ಒಂದು ಮಾತು. ಮನೆಯ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದೆಯಾ, ನೋಡಿ. ಸಾದಾ ಮೋಡ್‌ನಲ್ಲಿದ್ದರೆ ಬದಲಾಗುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗುತ್ತದೆ. ಅದು ಎದ್ದು ಕೂತು, ವೈಫೈ ಶುರುವಾಗಿ, ಐದೂ ಕ್ಯಾಮೆರಾ ಮತ್ತೆ ಸೇರುವಷ್ಟರಲ್ಲಿ ಎರಡು ಮೂರು ನಿಮಿಷ. ಫ್ಯಾನ್ ನಿಂತಿದ್ದೇ ಗೊತ್ತಾಗಲಿಲ್ಲ ಅಂತ ಜನ ಸುಮ್ಮನಿರುತ್ತಾರೆ.

ಇನ್ನು ಭದ್ರತೆ. ವೈಫೈ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ, ನಿಮ್ಮ ಕ್ಯಾಮೆರಾವನ್ನು ರೂಟರ್‌ನಿಂದ ಕಳಚುವ ಸುಳ್ಳು ಸಂದೇಶ ಕಳಿಸಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಧನ ಸಾಕು. ವೈಫೈ ಭದ್ರತೆಯ ಹೊಸ ಪದ್ಧತಿ ಡಬ್ಲ್ಯುಪಿಎ3ನಲ್ಲಿ ಇದಕ್ಕೆ ತಡೆ ಕಡ್ಡಾಯ, ಆದರೆ ಅಗ್ಗದ ಕ್ಯಾಮೆರಾಗಳು ಇನ್ನೂ ಡಬ್ಲ್ಯುಪಿಎ2ನಲ್ಲೇ ಇವೆ. ಹಳ್ಳಿಯ ಅಡಿಕೆ ಕಳ್ಳ ಇಷ್ಟೆಲ್ಲ ಮಾಡುತ್ತಾನಾ? ಇಲ್ಲ ಬಿಡಿ. ಆದರೆ ನಗರದಲ್ಲಿ ಅಂಗಡಿ ಇಟ್ಟವರು ಯೋಚಿಸಬೇಕು.

ವೈರ್‌ಗೂ ಅದರದೇ ತೂತು ಇದೆ. ಹೊರಗಿನ ಕ್ಯಾಮೆರಾ ಬಿಚ್ಚಿ ಆ ಕೇಬಲ್ಲಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ನೇರ ಮನೆಯ ನೆಟ್‌ವರ್ಕ್‌ಗೆ ಬಂದ ಹಾಗೆ. ಅದಕ್ಕೇ ಪಿಸಿಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ. ಒಂದರಲ್ಲಿ ಮನೆಯ ರೂಟರ್, ಇನ್ನೊಂದರಲ್ಲಿ ಕ್ಯಾಮೆರಾ ಸ್ವಿಚ್ ಮಾತ್ರ. ಕ್ಯಾಮೆರಾಗಳಿಗೆ ಇಂಟರ್ನೆಟ್ಟೇ ಸಿಗುವುದಿಲ್ಲ, ಸಿಗಲೂ ಬಾರದು. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಸೈನ್ಯ ಕಟ್ಟಿತು. ಆ ವರ್ಷದ ಅಕ್ಟೋಬರ್ 21ರಂದು ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ನುಗ್ಗಿಸಿದಾಗ ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳೇ ಗಂಟೆಗಟ್ಟಲೆ ಸಿಗಲಿಲ್ಲ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಹಳೇ ಕ್ಯಾಮೆರಾಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಇಂಟರ್ನೆಟ್ ಕಡಿದರೆ ಕ್ಯಾಮೆರಾದ ಗಡಿಯಾರ ದಿನ ದಿನ ತಪ್ಪುತ್ತಾ ಹೋಗುತ್ತದೆ. ಪಿಸಿಯಲ್ಲೇ ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಇಡಿ. ಇದನ್ನು ಮರೆತು ನಾನು ಒಮ್ಮೆ 11 ನಿಮಿಷ ಹಿಂದಿನ ಸಮಯ ತೋರಿಸುವ ವಿಡಿಯೋ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋಗಿದ್ದೆ.

ಅಟ್ಟದ_ಪಿಸಿ · ಭಾನುವಾರ, ಸಂಜೆ 6:30

ಊರಿನಿಂದ ಬರೆಯುತ್ತಿದ್ದೇನೆ. ಮೊದಲು ಡಾಂಗಲ್ ಮೇಲೆಯೇ, ಮನೆಯೊಳಗಿನ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್ ಓಡಿಸಿದೆ. ಹಗಲು 31 ಎಂಬಿಪಿಎಸ್, ರಾತ್ರಿ ಎಂಟಕ್ಕೆ 14. ಮೇಷ್ಟ್ರು ಹೇಳಿದ ಹಾಗೆ ಎಕ್ಸ್‌ಟೆನ್ಷನ್ ಹಾಕಿ ಡಿಸ್ಕಿನಿಂದ ದೂರ ಇಟ್ಟೆ. 14 ಇದ್ದದ್ದು 22 ಆಯಿತು. ಮೇಷ್ಟ್ರೇ, ನಮಸ್ಕಾರ. ಆದರೂ ಸಾಲದು.

ಆಮೇಲೆ ಜಗಲಿಯಿಂದ ತೊಲೆಯ ಮೇಲೆ ಅಟ್ಟಕ್ಕೆ 22 ಮೀಟರ್ ಕ್ಯಾಟ್ 6 ಎಳೆದೆ. ಅಪ್ಪ ಏಣಿ ಹಿಡಿದುಕೊಂಡು ಕೆಳಗಿನಿಂದಲೇ "ಎಡಕ್ಕೆ, ಎಡಕ್ಕೆ" ಅಂತ ನಿರ್ದೇಶನ ಕೊಟ್ಟರು. ಸಿಕ್ಕಿಸಿ ಅಳೆದರೆ 94 ಎಂಬಿಪಿಎಸ್. ರೂಟರ್ ಗಿಗಾಬಿಟ್, ಪಿಸಿಯೂ ಗಿಗಾಬಿಟ್. ಎಲ್ಲಿ ತಪ್ಪಿತು?

ದಾವಣಗೆರೆ_ವೈರ್ · ಭಾನುವಾರ, ಸಂಜೆ 6:41

ತುದಿಯ ಕ್ಲಿಪ್ ನೋಡಿ. 100ಕ್ಕೆ ನಾಲ್ಕು ತಂತಿ ಸಾಕು, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿಯೋ ಕಂದೋ ಒಂದು ಸರಿಯಾಗಿ ಕೂತಿಲ್ಲ. ಕತ್ತರಿಸಿ ಮತ್ತೆ ಹಾಕಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿ ಹೀಗೇ.

ಅಟ್ಟದ_ಪಿಸಿ · ಭಾನುವಾರ, ರಾತ್ರಿ 7:25

ಕಂದು. ತುದಿ ಮುಟ್ಟಿರಲೇ ಇಲ್ಲ. ಈಗ 941 ಎಂಬಿಪಿಎಸ್. ಅಮ್ಮನಿಗೆ ತೋರಿಸಿದೆ, "ಹೌದಾ" ಅಂದರು.

ಅಟ್ಟದ_ಪಿಸಿ · ಬುಧವಾರ, ರಾತ್ರಿ 9:50

ಮೂರು ರಾತ್ರಿಯ ಫಲಿತಾಂಶ. ಕ್ಯಾಮೆರಾಗಳು ಇನ್ನೂ ವೈಫೈಯಲ್ಲೇ ಇವೆ, ಪಿಸಿ ಮಾತ್ರ ವೈರ್‌ನಲ್ಲಿ. ಮುಂಚೆ ಒಂದು ರಾತ್ರಿಗೆ ಸಣ್ಣದು ದೊಡ್ಡದು ಸೇರಿ ನಲವತ್ತು ತೂತು. ಈಗ ಆರೇಳು, ಹೆಚ್ಚಿನವು ಒಲೆಮನೆಯ ಕ್ಯಾಮೆರಾದ್ದು. ಮನೆಯ ನಾಲ್ಕು ಹೆಚ್ಚುಕಮ್ಮಿ ಸರಿಯಾಗಿವೆ. ಒಂದೇ ಒಂದು ವೈರ್‌ಗೆ ಇಷ್ಟಾಗುತ್ತದೆ ಅಂದುಕೊಂಡಿರಲಿಲ್ಲ.

ರಾತ್ರಿಯ ಬಿಟ್‌ರೇಟ್‌ಗೂ 4 ಎಂಬಿಪಿಎಸ್ ಮಿತಿ ಹಾಕಿದೆ. ದಿನಕ್ಕೆ 216 ಜಿಬಿ ಲೆಕ್ಕ ಬಂತು, ಹಾಗಾಗಿ 4 ಟಿಬಿಯಲ್ಲಿ ಹದಿನೆಂಟು ದಿನ ಉಳಿಯುತ್ತದೆ.

ಮುಂದಿನ ಸಲ ಹೋದಾಗ ನಾಲ್ಕಕ್ಕೂ ವೈರ್ ಕೊಡುತ್ತೇನೆ. ಒಲೆಮನೆಗೂ 60 ಮೀಟರ್ ಕೇಬಲ್ ಎಳೆದುಬಿಡಲಾ? 100ರ ಒಳಗೇ ಇದೆಯಲ್ಲ.

ಮಂಗಳೂರು_ಮಳೆ · ಬುಧವಾರ, ರಾತ್ರಿ 10:08

ನಿಲ್ಲಿ ನಿಲ್ಲಿ. ತಾಮ್ರ ಎಳೆಯಬೇಡಿ.

ಎರಡು ಬೇರೆ ಕಟ್ಟಡದ ಮಧ್ಯೆ ಬಯಲಿನಲ್ಲಿ 60 ಮೀಟರ್ ತಾಮ್ರ ಅಂದರೆ ಸಿಡಿಲಿಗೆ ಆಂಟೆನಾ ಕಟ್ಟಿಕೊಟ್ಟ ಹಾಗೆ. ಸಿಡಿಲು ಕೇಬಲ್ ಮೇಲೇ ಬೀಳಬೇಕಿಲ್ಲ. ಪಕ್ಕದ ತೆಂಗಿನ ಮರಕ್ಕೆ ಬಡಿದರೂ ಆ ಉದ್ದದ ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಹುಟ್ಟಬಹುದು. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ, ಅದರ ವ್ಯತ್ಯಾಸವೂ ಇದೇ ತಂತಿಯಲ್ಲಿ ಹರಿಯುತ್ತದೆ. ನಮ್ಮ ಮನೆಯಲ್ಲಿ ಏಪ್ರಿಲ್ ತಿಂಗಳ ಒಂದು ಸಂಜೆ ಪಂಪ್‌ಶೆಡ್ ಕ್ಯಾಮೆರಾ, ಸ್ವಿಚ್, ರೂಟರ್, ಪಿಸಿಯ ಮದರ್‌ಬೋರ್ಡ್, ಜೊತೆಗೆ ಟಿವಿ, ಎಲ್ಲ ಒಂದೇ ಏಟಿಗೆ ಹೋದವು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಫೈಬರ್ ಹಾಕಿ. ಎರಡು ತುದಿಗೆ ಫೈಬರ್‌ನ ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡುವ ಮೀಡಿಯಾ ಕನ್ವರ್ಟರ್. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ.

ದಾವಣಗೆರೆ_ವೈರ್ · ಗುರುವಾರ, ಬೆಳಗ್ಗೆ 6:45

ನಮ್ಮ ಬಯಲುಸೀಮೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿ, ಒಳ್ಳೆ ಅರ್ಥಿಂಗ್ ಕೊಟ್ಟು ತಾಮ್ರವನ್ನೇ ಎಷ್ಟೋ ಕಡೆ ಎಳೆದಿದ್ದೇನೆ, ಏನೂ ಆಗಿಲ್ಲ. ಫೈಬರ್ ಅಂದರೆ ಜನ ಸುಮ್ನೆ ಹೆದರಿಸುತ್ತಾರೆ ಅನ್ನಿಸುತ್ತದೆ.

ಮಂಗಳೂರು_ಮಳೆ · ಗುರುವಾರ, ಬೆಳಗ್ಗೆ 8:20

ಅಣ್ಣಾ, ಒಮ್ಮೆ ಮುಂಗಾರಿಗೆ ಮುಂಚಿನ ಗುಡುಗಿಗೆ ನಮ್ಮ ಕಡೆ ಬನ್ನಿ. ಊಟ ನನ್ನದು.

ದಾವಣಗೆರೆ_ವೈರ್ · ಗುರುವಾರ, ಬೆಳಗ್ಗೆ 8:31

ಮೀನೂಟ ಆದರೆ ಒಪ್ಪಿದೆ. ಸರಿ, ಮಲೆನಾಡಿಗೆ ಫೈಬರ್ರೇ ಇರಲಿ.

ಎಡಿಸನ್_ಕನ್ನಡಿಗ · ಗುರುವಾರ, ಬೆಳಗ್ಗೆ 9:15

60 ಮೀಟರ್ ನೇರ ಕಾಣುತ್ತದೆ ಅಂದರೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್ ಹಾಕಬಹುದಲ್ಲ? ಎದುರುಬದುರು ಎರಡು ಸಣ್ಣ ಆಂಟೆನಾ. ಈ ಸಲ ನಾನು ಸರಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೇನೆ.

ಮೈಸೂರು_ಮೇಷ್ಟ್ರು · ಗುರುವಾರ, ಬೆಳಗ್ಗೆ 10:00

ಈ ಸಲ ಸರಿ. ಮನೆಯೊಳಗಿನ ವೈಫೈ ಬೇರೆ, ಇಬ್ಬರೇ ಪರಸ್ಪರ ನೋಡಿಕೊಂಡು ಮಾತಾಡುವ ಬ್ರಿಡ್ಜ್ ಬೇರೆ. ಆದರೆ ನಡುವೆ ಬಾಳೆ, ಅಡಿಕೆ ಸೋಗೆ ಬಂದು ಮಳೆಗೆ ನೆನೆದರೆ ಸಿಗ್ನಲ್ ಕುಡಿಯುತ್ತದೆ. ಒದ್ದೆ ಎಲೆ ಅಂದರೆ ನೀರಿನ ಪರದೆಯೇ.

ಯಾವುದೇ ಹಾಕಿ, ಆ ಕ್ಯಾಮೆರಾದೊಳಗೆ ಒಂದು ಮೆಮೊರಿ ಕಾರ್ಡ್ ಹಾಕಿಡಿ. ನೆಟ್‌ವರ್ಕ್ ಹೋದ ಹೊತ್ತಿನದೂ ಅಲ್ಲೇ ಉಳಿಯುತ್ತದೆ. ಆ ರಾತ್ರಿ ಕಾರ್ಡ್ ಇದ್ದಿದ್ದರೆ ಮೂಟೆ ಹೊತ್ತವನ ಮುಖ ಸಿಗುತ್ತಿತ್ತು.

ಅಟ್ಟದ_ಪಿಸಿ · ಗುರುವಾರ, ಬೆಳಗ್ಗೆ 10:12

ಮೇಷ್ಟ್ರೇ, ಗಾಯಕ್ಕೆ ಉಪ್ಪು.

ಅಂಗಳಕ್ಕೂ ಮನೆಗೂ ಮಧ್ಯೆ ಅಪ್ಪ ಪ್ರತಿ ವರ್ಷ ಬಾಳೆ ನೆಡುತ್ತಾರೆ. ಹಾಗಾಗಿ ಫೈಬರ್.

ಮಂಗಳೂರು_ಮಳೆ · ಗುರುವಾರ, ಬೆಳಗ್ಗೆ 11:30

ಒಂದು ಎಚ್ಚರ. ಮನೆ ಮನೆಗೆ ಎಳೆಯುವ ಫೈಬರ್ ಕೇಬಲ್‌ನಲ್ಲಿ ಬಹಳ ಸಲ ಗಟ್ಟಿ ಬರಲಿ ಅಂತ ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೇ ಪೆಟ್ಟಿಗೆಯವರೆಗೆ ತಂದರೆ ಗಾಜು ಹಾಕಿಯೂ ಪ್ರಯೋಜನವಿಲ್ಲ. ಉಕ್ಕಿನ ಬದಲು ಲೋಹವಲ್ಲದ ಕಡ್ಡಿಯ ಬಲ ಇರುವುದನ್ನು ಕೇಳಿ ತಗೊಳ್ಳಿ. ಸಿಗದಿದ್ದರೆ ಉಕ್ಕನ್ನು ಗೋಡೆಯ ಹೊರಗೇ ಕತ್ತರಿಸಿ. ಒಲೆಮನೆಯಲ್ಲಿ ಕನ್ವರ್ಟರ್‌ಗೂ ಕ್ಯಾಮೆರಾಗೂ ಸಣ್ಣ ಯುಪಿಎಸ್ ಬೇಕು, ಫೈಬರ್ ಕರೆಂಟ್ ತರುವುದಿಲ್ಲ.

ಅಟ್ಟದ_ಪಿಸಿ · ಐದು ವಾರದ ನಂತರ

ಕೆಲಸ ಮುಗಿಯಿತು. ಮನೆಯ ನಾಲ್ಕು ಕ್ಯಾಮೆರಾ ಪಿಒಇ ಮೇಲೆ, ಸ್ಪ್ಲಿಟರ್ ಹಾಕಿ. ಒಲೆಮನೆಗೆ ಫೈಬರ್, ಊರಿನ ಕೇಬಲ್ ಹುಡುಗರೇ ಬಂದು ಜೋಡಿಸಿಕೊಟ್ಟರು. ಎಲ್ಲ ಕ್ಯಾಮೆರಾದಲ್ಲೂ ಕಾರ್ಡ್. ಇನ್ವರ್ಟರ್ ಸಾದಾ ಮೋಡ್‌ನಲ್ಲೇ ಇತ್ತು, ಬದಲಾಯಿಸಿದೆ. ಕಳೆದ ಹತ್ತು ರಾತ್ರಿಯಲ್ಲಿ ಒಂದೇ ತೂತು, ಅದೂ ನಾನೇ ಅಪ್‌ಡೇಟ್ ಮಾಡಲು ಪಿಸಿ ನಿಲ್ಲಿಸಿದ್ದಾಗ.

ಮೂಟೆ ಸಿಗಲಿಲ್ಲ. ಆದರೆ ಅಪ್ಪ ಈಗ ಬೆಳಗ್ಗೆ ಕಾಫಿ ಜೊತೆ ಹಿಂದಿನ ರಾತ್ರಿಯ ರೆಕಾರ್ಡಿಂಗ್ ನೋಡುತ್ತಾರೆ. ಮೊನ್ನೆ ಅಂಗಳದಲ್ಲಿ ಮುಳ್ಳುಹಂದಿ ಓಡಾಡಿದ್ದನ್ನು ಊರೆಲ್ಲ ಕರೆದು ತೋರಿಸಿದ್ದಾರೆ.

ನಿನ್ನೆ ಫೋನ್ ಮಾಡಿ, "ಮೆಣಸಿನ ಬಳ್ಳಿ ಕಡೆ ಒಂದು, ಕೊಟ್ಟಿಗೆ ಹಿಂದೆ ಒಂದು ಹಾಕು" ಅಂದರು. ನಾನು ತಂದದ್ದು ನಾಲ್ಕು ಪೋರ್ಟಿನ ಸ್ವಿಚ್.

ದಾವಣಗೆರೆ_ವೈರ್ · ಅದೇ ದಿನ, ರಾತ್ರಿ 9:05

ಹೇಳಿದ್ದೆ ಅಲ್ವಾ.